ಬಸ್ ಹತ್ತದವರನ್ನು ಯಾರು ಕೇಳ್ತಾರೆ?

ಕೊನೆ ವರ್ಷದ ಬಿ.ಎ. ಮಕ್ಕಳು ಪ್ರಾಜೆಕ್ಟಿನ ಹೆಸರು ಬರೆದುಕೊಂಡು ಬರುವ ಕಾಲ ಇದು. ಚಿಕ್ಕಮಗಳೂರಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ನನಗೆ ಆ ಹೆಸರುಗಳು ಬಾಯಿಪಾಠ. ‘ಚಿಕ್ಕಮಗಳೂರು ಜಿಲ್ಲೆಯ ಮಹಿಳಾ ಸಬಲೀಕರಣ: ಒಂದು ಅಧ್ಯಯನ.’ 2011ರ ಜನಗಣತಿಯಲ್ಲೇ ಜಿಲ್ಲೆಯ ಜನ 11 ಲಕ್ಷ ದಾಟಿದ್ದರು, ಅರ್ಧಕ್ಕಿಂತ ತುಸು ಜಾಸ್ತಿ ಹೆಂಗಸರು. ನಮ್ಮ ಹುಡುಗಿಯ ಕೈಯಲ್ಲಿರುವುದು ಮೂರ್ನಾಲ್ಕು ತಿಂಗಳು, ಒಂದು ನೋಟ್‌ಬುಕ್ಕು.

ಹೋದ ಸಲ ಒಬ್ಬಳು ಶಕ್ತಿ ಯೋಜನೆ ಹಿಡಿದುಕೊಂಡಳು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗೊತ್ತಲ್ವಾ? ಒಳ್ಳೆ ವಿಷಯವೇ. ಎರಡು ದಿನ ಸರ್ಕಾರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು 30 ಜನರನ್ನು ಕೇಳಿಕೊಂಡು ಬಂದಳು. ‘ಉಚಿತ ಪ್ರಯಾಣದಿಂದ ನಿಮಗೆ ಅನುಕೂಲ ಆಗಿದೆಯೇ?’ ಮೂವತ್ತಕ್ಕೆ ಮೂವತ್ತೂ ಹೌದು.

‘ಬಸ್ ಹತ್ತುವವರನ್ನೇ ಕೇಳಿದ್ದೀಯಲ್ಲಮ್ಮ, ಹತ್ತದವರು ಎಲ್ಲಿದ್ದಾರೆ?’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಊರು ಕೊಪ್ಪದ ಕಡೆ. ‘ನಮ್ಮೂರಿಗೆ ಬರೋದು ಪ್ರೈವೇಟ್ ಬಸ್ ಸರ್. ಅಮ್ಮ ಈಗ್ಲೂ ದುಡ್ಡು ಕೊಟ್ಟೇ ಹೋಗೋದು.’

ನೋಡಿ, ಪ್ರಾಜೆಕ್ಟು ಸಿಕ್ಕಿತು! ಖಾಸಗಿ ಬಸ್ಸಿಗೆ ಈ ಯೋಜನೆ ಇಲ್ಲ. ಮಲೆನಾಡಿನ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸೇ. ಸರ್ಕಾರಿ ಬಸ್ ಬರುವ ಒಂದು ಊರು, ಬಾರದ ಒಂದು ಊರು, ಒಂದೊಂದರಲ್ಲಿ 15 ಮನೆ. ಇಷ್ಟು ಸಾಕು. ಸ್ಯಾಂಪಲ್ ಅಂದರೆ ಎಷ್ಟು ಜನ ಅನ್ನುವ ಲೆಕ್ಕ ಮಾತ್ರ ಅಂದುಕೊಂಡಿರುತ್ತಾರೆ ಮಕ್ಕಳು. ಯಾರು ಬಿಟ್ಟುಹೋದರು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಆಮೇಲೆ ಪ್ರಶ್ನೆ. ‘ಅನುಕೂಲ ಆಗಿದೆಯೇ’ ಅಂದರೆ ಮನೆಗೆ ಬಂದ ಹುಡುಗಿಗೆ ಬೇಜಾರಾಗದಿರಲಿ ಅಂತ ಹೌದು ಅಂತಾರೆ. ‘ಹೋದ ವಾರ ಎಲ್ಲೆಲ್ಲಿಗೆ ಹೋಗಿದ್ರಿ? ಯಾಕೆ? ಎಷ್ಟು ಖರ್ಚಾಯ್ತು?’ ಅಂತ ಕೇಳಿ, ಕಥೆ ಬಿಚ್ಚಿಕೊಳ್ಳುತ್ತದೆ. ಆದಾಯದ ಪ್ರಶ್ನೆಯಂತೂ ದೊಡ್ಡ ಹಳ್ಳ. ನಾನೂ ಓದುವಾಗ ಅದರಲ್ಲಿ ಬಿದ್ದಿದ್ದೆ. ‘ವಾರ್ಷಿಕ ಆದಾಯ’ ಅಂತ ಅಚ್ಚು ಹಾಕಿಸಿದ ನೂರು ಪ್ರತಿ ಹಿಡಿದು ಹೋದರೆ, ರೇಷನ್ ಕಾರ್ಡ್ ಕಿತ್ತುಕೊಳ್ಳೋಕೆ ಬಂದವನು ಅಂದುಕೊಂಡರು. ಎಲ್ಲರೂ ಕಾರ್ಡಿಗೆ ಹೊಂದುವ ಮೊತ್ತವನ್ನೇ ಹೇಳಿದರು. ಈಗಾದರೆ ವಾರದಲ್ಲಿ ಎಷ್ಟು ದಿನ ಕೆಲಸ ಸಿಕ್ತು, ಬಟವಾಡೆ ಎಷ್ಟಾಯ್ತು ಅಂತ ಕೇಳಿಸುತ್ತೇನೆ.

ಎಲ್ಲಿ ಕೇಳುತ್ತೀರಿ ಅನ್ನುವುದೂ ಉತ್ತರವನ್ನು ಬದಲಿಸುತ್ತದೆ. ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ-ಲೆಕ್ಕ ನೋಡಿಕೊಳ್ಳುವವನು, ಪಕ್ಕದಲ್ಲಿ ನಿಂತಿದ್ದರೆ ಕೂಲಿ, ನೀರು, ಕಕ್ಕಸು ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸಂಜೆ ಲೈನ್ ಮನೆ, ಅಂದರೆ ತೋಟದ ಆಳುಗಳ ಸಾಲುಮನೆ, ಅದರ ಜಗಲಿಯಲ್ಲಿ ಕೂತರೆ ಬೇರೆ ಮಾತು ಬರುತ್ತದೆ. ಹಾಗೆ ಹೇಳಿದವರ ಹೆಸರನ್ನು ವರದಿಯಲ್ಲಿ ಹಾಕುವ ಹಾಗಿಲ್ಲ. ಮೂರೇ ಲೈನ್ ಮನೆ ಇರುವ ತೋಟವಾದರೆ ತೋಟದ ಹೆಸರೂ ಬೇಡ, ಯಾರು ಹೇಳಿದ್ದು ಅಂತ ಗೊತ್ತಾಗಿಯೇ ಆಗುತ್ತದೆ. ಇಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಕೇಳಿದ್ದನ್ನು ಅವತ್ತು ರಾತ್ರಿಯೇ ಬರೆದಿಡಬೇಕು ಅಂದರೆ ಒಬ್ಬ ಜಾಣ ಇದ್ದೇ ಇರುತ್ತಾನೆ: ‘ಎಂ.ಎನ್. ಶ್ರೀನಿವಾಸ್ ನೆನಪಿನಿಂದಲೇ ಪುಸ್ತಕ ಬರೆದ್ರಲ್ಲ ಸರ್!’ ನಿಜ. ಮೈಸೂರಿನ ಹತ್ತಿರದ ಹಳ್ಳಿಯ ಬಗ್ಗೆ ಆ ದೊಡ್ಡ ಸಮಾಜಶಾಸ್ತ್ರಜ್ಞರು ತಯಾರಿಸಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಆದರೆ 1948ರಲ್ಲಿ ಅವರು ಆ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ನೀನು ಭಾನುವಾರ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬಂದವನು ಕಣಪ್ಪ.

ಇನ್ನು ಶೇಕಡಾವಾರು. ಮೂವತ್ತರಲ್ಲಿ ಇಪ್ಪತ್ತು ಜನ ಅಂದರೆ ಇಪ್ಪತ್ತು ಜನ ಅಂತಲೇ ಬರೆಯಿರಿ. 66.67 ಅಂತ ಬರೆದರೆ ಆ ದಶಾಂಶದ ಜಾಗದಲ್ಲಿ ಯಾರು ಕೂತಿದ್ದಾರೆ ಅಂತ ನಾನು ಕೇಳುತ್ತೇನೆ.

ಕೊಪ್ಪದ ಹುಡುಗಿ ಹೊಸ ಪ್ರಶ್ನೆಗಳನ್ನು ಮೊದಲು ಅಮ್ಮನ ಮೇಲೆ ಪ್ರಯೋಗ ಮಾಡಿದಳು. ಮೂರನೆಯದಕ್ಕೆ ಅಮ್ಮ, ‘ಏನೇ ಇದು, ಪೇಟೆಗೆ ಯಾರ ಜೊತೆ ಹೋಗ್ತೀಯ ಅಂತ ಕೇಳೋಕೆ ಇಷ್ಟುದ್ದ ಬೇಕಾ?’ ಅಂದರಂತೆ. ವರದಿಯಲ್ಲಿ ಆ ಪ್ರಶ್ನೆ ಅಮ್ಮನ ಮಾತಿನಲ್ಲೇ ಇದೆ.