ಪದ ಪರಿಚಯ: ಡೌನ್‌ಗ್ರೇಡ್

"ಅಪ್‌ಡೇಟ್ ಆದಮ್ಯಾಲ ಫೋನ್ ಭಾಳ ಹ್ಯಾಂಗ್ ಆಗ್ಲತ್ತದ, ಹಳೀ ವರ್ಷನ್ ಹಾಕಿಕೊಡ್ರಿ." ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಯಲ್ಲಿ ಹೀಗೆ ಕೇಳುವ ಕೆಲಸವೇ ಡೌನ್‌ಗ್ರೇಡ್. ಆಂಡ್ರಾಯ್ಡ್ 14 ಇದ್ದ ಜಾಗದಲ್ಲಿ 13 ಕೂರಿಸುವುದು. ಫ್ಯಾಕ್ಟರಿ ರೀಸೆಟ್ ಬೇರೆ: ಅದರಿಂದ ಫೋಟೊ, ಆಪ್, ಸೆಟ್ಟಿಂಗ್ ಅಳಿಯುತ್ತವೆ, ವರ್ಷನ್ ಮಾತ್ರ ಇದ್ದದ್ದೇ ಇರುತ್ತದೆ.

ಎಲ್ಲ ಫೋನೂ ಹಿಂದಕ್ಕೆ ಬರುವುದಿಲ್ಲ. ಹಳೆಯ ವರ್ಷನ್ನಿನ ಭದ್ರತಾ ದೋಷವನ್ನು ಯಾರೂ ಮತ್ತೆ ಬಳಸಿಕೊಳ್ಳಬಾರದೆಂದು ಕಂಪನಿಗಳು ಫೋನಿನೊಳಗೆ ಒಂದು ಎಣಿಕೆ ಇಟ್ಟಿರುತ್ತವೆ. ಹೆಸರು ಆಂಟಿ ರೋಲ್‌ಬ್ಯಾಕ್. ಈ ಎಣಿಕೆ ಏರುತ್ತದೆ, ಇಳಿಯುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಇದನ್ನು ನೀವೇ ನೋಡಬಹುದು: ಸಾಫ್ಟ್‌ವೇರ್ ಇನ್ಫರ್ಮೇಷನ್‌ನ ಬಿಲ್ಡ್ ನಂಬರ್‌ನಲ್ಲಿ ಕೊನೆಯಿಂದ ಐದನೆಯ ಅಂಕಿ ಅಥವಾ ಅಕ್ಷರ. ಫೋನಿನಲ್ಲಿ ಅದು 5 ಇದ್ದು ಹಾಕಹೊರಟ ಫೈಲಿನಲ್ಲಿ 4 ಇದ್ದರೆ ಓಡಿನ್ (ಕಂಪ್ಯೂಟರ್‌ನಿಂದ ಸ್ಯಾಮ್‌ಸಂಗ್ ಫೋನಿಗೆ ಸಾಫ್ಟ್‌ವೇರ್ ಹಾಕುವ ಪ್ರೋಗ್ರಾಂ) ಫೇಲ್ ತೋರಿಸಿ ನಿಲ್ಲುತ್ತದೆ. ಅಲ್ಲಿಗೆ ಫೋನ್ ಉಳಿಯಿತು. ಶವೋಮಿಯ ಕೆಲವು ಮಾಡೆಲ್‌ಗಳಲ್ಲಿ, ಉದಾಹರಣೆಗೆ ರೆಡ್ಮಿ ನೋಟ್ 5 ಪ್ರೊನಲ್ಲಿ, ಎಣಿಕೆ ನೋಡದೆ ಫ್ಲ್ಯಾಶ್ ಹೊಡೆದರೆ, ಅಂದರೆ ಹಳೆಯ ಸಾಫ್ಟ್‌ವೇರ್ ಹಾಕಿದರೆ, ಫೋನ್ ಪೂರ್ತಿ ಡೆಡ್ ಆಗಬಹುದು. ಪಿಕ್ಸೆಲ್ 6 ಸರಣಿಗೆ 2022ರ ಆಗಸ್ಟ್‌ನಲ್ಲಿ ಬಂದ ಆಂಡ್ರಾಯ್ಡ್ 13 ಕೂಡ 12ಕ್ಕೆ ಮರಳುವ ದಾರಿ ಮುಚ್ಚಿತು. ಐಫೋನ್‌ನಲ್ಲಿ ಹಾಕಹೊರಟ ವರ್ಷನ್ನಿಗೆ ಆ್ಯಪಲ್‌ನ ಸರ್ವರ್ ಒಪ್ಪಿಗೆಯ ಡಿಜಿಟಲ್ ಸಹಿ ಹಾಕಬೇಕು. ಹೊಸ ವರ್ಷನ್ ಬಂದ ಕೆಲವೇ ವಾರಗಳಲ್ಲಿ ಹಳೆಯದಕ್ಕೆ ಸಹಿ ನಿಲ್ಲುವುದೇ ಹೆಚ್ಚು. ಆಮೇಲೆ ಅಂಗಡಿಯವರಿಗೆ ದುಡ್ಡು ಕೊಟ್ಟು ಪ್ರಯೋಜನವಿಲ್ಲ.

ಎಣಿಕೆ ಹೊಂದಿದರೂ ಡೇಟಾ ಹೋಗುತ್ತದೆ ಎಂದೇ ತಿಳಿದು ಹೊರಡಿ. ಫೋಟೊ, ಕಾಂಟ್ಯಾಕ್ಟ್, ವಾಟ್ಸ್ಆ್ಯಪ್ ಚಾಟ್ ಎಲ್ಲ ಬೇರೆಡೆ ಇಡಬೇಕು. ಹೊಸ ಐಒಎಸ್‌ನಲ್ಲಿ ತೆಗೆದ ಬ್ಯಾಕಪ್ ಹಳೆಯದಕ್ಕೆ ಕೂರುವುದಿಲ್ಲ, ನೆನಪಿರಲಿ. ಗೂಗಲ್ ಅಕೌಂಟ್ ಮೊದಲೇ ತೆಗೆಯಿರಿ. ಇಲ್ಲವಾದರೆ ಕೆಲಸ ಮುಗಿದ ಮೇಲೆ ಫೋನ್ ಅದೇ ಅಕೌಂಟಿನ ಪಾಸ್‌ವರ್ಡ್ ಕೇಳಿ ಲಾಕ್ ಆಗಿ ಕೂರುತ್ತದೆ, ಅದು ಮರೆತಿದ್ದರೆ ದೊಡ್ಡ ಫಜೀತಿ.

ಓಡಿನ್‌ನಲ್ಲಿ ಬಿಎಲ್ (ಫೋನ್ ಚಾಲೂ ಮಾಡುವ ಬೂಟ್‌ಲೋಡರ್), ಎಪಿ (ಆಂಡ್ರಾಯ್ಡ್ ಸಿಸ್ಟಂ), ಸಿಪಿ (ನೆಟ್‌ವರ್ಕ್ ಮೋಡೆಮ್), ಸಿಎಸ್‌ಸಿ (ದೇಶ, ಸಿಮ್ ಕಂಪನಿಗೆ ತಕ್ಕ ಸೆಟ್ಟಿಂಗ್) ಎಂದು ನಾಲ್ಕು ಫೈಲ್. ಡೌನ್‌ಗ್ರೇಡ್‌ಗೆ ಹೋಮ್ ಸಿಎಸ್‌ಸಿ ಬೇಡ, ಬರೀ ಸಿಎಸ್‌ಸಿ ಹಾಕಿ. ಹೋಮ್ ಫೈಲ್ ಹಳೆಯ ಡೇಟಾ ಉಳಿಸುತ್ತದೆ. ಹೊಸ ವರ್ಷನ್ನಿನ ಡೇಟಾ ಹಳೆಯ ಸಿಸ್ಟಂಗೆ ಹೊಂದದೆ ಫೋನ್ ಲೋಗೋದಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋದೀತೋ ಹೇಳಲಾಗದು, ಯುಪಿಎಸ್ ಇಲ್ಲದ ಕಂಪ್ಯೂಟರ್‌ಗಿಂತ ಚಾರ್ಜ್ ಆದ ಲ್ಯಾಪ್‌ಟಾಪ್ ಲೇಸು. ಮುಗಿದ ಕೂಡಲೇ ಡೆವಲಪರ್ ಆಪ್ಷನ್ಸ್‌ನಲ್ಲಿ ಆಟೊಮ್ಯಾಟಿಕ್ ಸಿಸ್ಟಂ ಅಪ್‌ಡೇಟ್ ಆಫ್ ಮಾಡಿ.