ನಾಸೋಫ್ಯಾರಿಂಕ್ಸ್ ಕ್ಯಾನ್ಸರ್: ಹುಟ್ಟುವುದು ಮೂಗಿನ ಹಿಂದೆ, ಕಾಣುವುದು ಕುತ್ತಿಗೆಯಲ್ಲಿ

ಮೂಗು ಹಿಂದಕ್ಕೆ ಹೋಗಿ ಗಂಟಲಿಗೆ ಸೇರುವ ಕಡೆ, ಕಿರುನಾಲಗೆಗಿಂತ ಮೇಲೆ, ತಲೆಬುರುಡೆಯ ತಳಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಜಾಗ ಇದೆ. ಅದೇ ನಾಸೋಫ್ಯಾರಿಂಕ್ಸ್. ಅದರ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಾಯಿ ಎಷ್ಟು ಅಗಲಿಸಿ ಟಾರ್ಚ್ ಬಿಟ್ಟರೂ ಆ ಜಾಗ ಕಾಣುವುದಿಲ್ಲ, ಹಾಗಾಗಿಯೇ ತಡವಾಗಿ ಸಿಕ್ಕಿಬೀಳುತ್ತದೆ.

ಶುರುವಿನಲ್ಲಿ ನೋವಿರುವುದು ಕಡಿಮೆ. ಕಿವಿಗೆ ಗಾಳಿ ಹೋಗುವ ನಳಿಕೆಯ ಬಾಯಿ ಇಲ್ಲೇ ಇರುವುದರಿಂದ, ಗಡ್ಡೆ ಅದನ್ನು ಒತ್ತಿದರೆ ಒಂದೇ ಕಿವಿ ಮುಚ್ಚಿಕೊಂಡಂತೆ ಆಗುತ್ತದೆ, ಗುಂಯ್ ಅನ್ನುತ್ತದೆ. ಒಂದೇ ಹೊಳ್ಳೆ ಕಟ್ಟುತ್ತದೆ, ಬೆಳಿಗ್ಗೆ ಕ್ಯಾಕರಿಸಿದಾಗ ಕಫದಲ್ಲಿ ರಕ್ತದ ಎಳೆ ಕಾಣಬಹುದು. ಶೀತ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ಜಾಸ್ತಿ ಜನ ಡಾಕ್ಟರ್ ಹತ್ತಿರ ಹೋಗುವುದು ಕುತ್ತಿಗೆಯಲ್ಲಿ, ಕಿವಿಯ ಕೆಳಗೆ, ಗಟ್ಟಿಯಾದ ನೋವಿಲ್ಲದ ಗಂಟು ಕೈಗೆ ಸಿಕ್ಕ ಮೇಲೆ. ಅಷ್ಟರಲ್ಲಿ ರೋಗ ಕುತ್ತಿಗೆಯ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಬಂದಾಗಿರುತ್ತದೆ. ನಮ್ಮ ದೇಶದಲ್ಲಿ ಅದನ್ನು ಟಿಬಿ ಗಂಟು ಅಂದುಕೊಳ್ಳುವುದೂ ಉಂಟು. ದೊಡ್ಡವರಿಗೆ ಒಂದೇ ಕಿವಿಯ ಪರದೆಯ ಹಿಂದೆ ನೀರು ತುಂಬಿ ವಾರಗಟ್ಟಲೆ ಹೋಗದಿದ್ದರೆ, ಮೂಗಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ ಅಂತ ಇಎನ್‌ಟಿ ಡಾಕ್ಟರ್‌ಗೆ ಕೇಳಿ. ಇದನ್ನು ಕೇಳಲು ಸಂಕೋಚ ಬೇಡವೇ ಬೇಡ.

ಮೇಲಕ್ಕೆ ಬೆಳೆದರೆ ಮೆದುಳಿನಿಂದ ಬರುವ ನರಗಳಿಗೆ ತಗಲುತ್ತದೆ. ಆಗ ಒಂದು ವಸ್ತು ಎರಡಾಗಿ ಕಾಣುತ್ತದೆ, ಕೆನ್ನೆ ಜೋಮು ಹಿಡಿಯುತ್ತದೆ. ದೂರಕ್ಕೆ ಹರಡಿದರೆ ಹೆಚ್ಚಾಗಿ ಮೂಳೆ, ಶ್ವಾಸಕೋಶ, ಲಿವರ್.

ಜಗತ್ತಿನಲ್ಲಿ 2020ರಲ್ಲಿ ಅಂದಾಜು 1,33,000 ಜನರಿಗೆ ಹೊಸದಾಗಿ ಬಂತು. ಹೆಚ್ಚಿನವರು ದಕ್ಷಿಣ ಚೀನಾ ಮತ್ತು ಆಗ್ನೇಯ ಏಷ್ಯಾದವರು. ಭಾರತದಲ್ಲಿ ಅಪರೂಪ, ಆದರೆ ನಾಗಾಲ್ಯಾಂಡ್, ಮಣಿಪುರದ ಕಡೆ ಜಾಸ್ತಿ. ಎಪ್‌ಸ್ಟೀನ್-ಬಾರ್ ಅನ್ನುವ ವೈರಸ್ ಇದರ ಹಿಂದಿದೆ. ಆ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಇರುತ್ತದೆ, ಹಾಗಾಗಿ ರೋಗಿಯ ಹತ್ತಿರ ಕೂತರೆ ಕ್ಯಾನ್ಸರ್ ಅಂಟುತ್ತದೆ ಅನ್ನುವ ಭಯಕ್ಕೆ ಅರ್ಥವಿಲ್ಲ. ಮನೆತನದ ಗುಣವೂ ಸೇರುತ್ತದೆ, ಚೀನೀ ಪದ್ಧತಿಯ ಉಪ್ಪುಮೀನೂ ಸೇರುತ್ತದೆ.

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ: ವಾಸಿ ಆಗುತ್ತಾ? ತಲೆ-ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುವುದು ಇದು. ಜನ ‘ಕರೆಂಟ್ ಕೊಡೋದು’ ಅನ್ನುವ ಚಿಕಿತ್ಸೆಯೇ ಇಲ್ಲಿ ಮುಖ್ಯ, ಆಪರೇಷನ್ ಅಲ್ಲ. ಸುಮಾರು ಏಳು ವಾರ ನಡೆಯುತ್ತದೆ, ರೋಗ ಮುಂದುವರಿದಿದ್ದರೆ ಜೊತೆಗೆ ಕಿಮೋ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮುಂದುವರಿದ ಹಂತದವರಲ್ಲಿ ಬರೀ ರೇಡಿಯೇಷನ್ ಪಡೆದವರ ಪೈಕಿ ಮೂರು ವರ್ಷ ಬದುಕಿದ್ದವರು ಶೇ 47, ಕಿಮೋ ಸೇರಿಸಿದಾಗ ಶೇ 78. ಮೊದಲ ಹಂತದಲ್ಲೇ ಸಿಕ್ಕರೆ ಐದು ವರ್ಷ ದಾಟುವವರು ನೂರಕ್ಕೆ ತೊಂಬತ್ತರ ಹತ್ತಿರ. ಕುತ್ತಿಗೆಗೆ ಬಂದ ಮೇಲೂ ಆಸೆ ಬಿಡುವ ಕಾಯಿಲೆ ಇದಲ್ಲ. ಮೂಳೆ, ಲಿವರ್‌ಗೆ ಹೋದರೆ ಮಾತ್ರ ಕಷ್ಟ.

ಆದರೆ ಗೆದ್ದ ಮೇಲೆ ಬರುವ ತೊಂದರೆಗಳ ಬಗ್ಗೆ ಮಾತಾಡುವವರು ಕಡಿಮೆ, ನನಗೆ ಬೇಜಾರಾಗುವುದು ಅಲ್ಲೇ. ಜೊಲ್ಲು ಗ್ರಂಥಿಗಳಿಗೆ ಪೆಟ್ಟು ಬಿದ್ದು ಬಾಯಿ ಒಣಗುತ್ತದೆ. ಅನ್ನಕ್ಕೆ ಸಾರು ತೇಲುವಷ್ಟು ಹಾಕಿಕೊಂಡರೆ ಇಳಿಯುತ್ತದೆ, ಒಣ ಚಪಾತಿ ಗಂಟಲಲ್ಲೇ ನಿಲ್ಲುತ್ತದೆ, ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಬೇಕು. ಜೊಲ್ಲಿಲ್ಲದೆ ಹಲ್ಲು ಬೇಗ ಹುಳುಕಾಗುತ್ತದೆ. ಅದಕ್ಕೇ ರೇಡಿಯೇಷನ್‌ಗೆ ಮೊದಲು ಹಲ್ಲಿನ ಡಾಕ್ಟರ್‌ಗೆ ತೋರಿಸಲೇಬೇಕು. ಆಮೇಲೆ ಯಾವಾಗಲಾದರೂ ಹಲ್ಲು ಕೀಳಿಸುವುದಿದ್ದರೆ ರೇಡಿಯೇಷನ್ ಆಗಿದೆ ಅಂತ ಹೇಳಿಯೇ ಕೀಳಿಸಬೇಕು, ಇಲ್ಲದಿದ್ದರೆ ಗಾಯ ಮಾಯದೆ ದವಡೆಯ ಮೂಳೆ ಸಾಯಬಹುದು. ದವಡೆಯ ಸ್ನಾಯು ಬಿಗಿದು ಬಾಯಿ ತೆರೆಯುವುದೂ ಕಷ್ಟವಾಗುತ್ತದೆ. ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ, ಹಿಡಿಸದಿದ್ದರೆ ವ್ಯಾಯಾಮ ಶುರು ಮಾಡಬೇಕು. ಕಿವಿ ಮಂದವಾಗಬಹುದು, ಥೈರಾಯ್ಡ್ ಕುಗ್ಗಬಹುದು. ಸುಸ್ತು, ಚಳಿ, ಮೈ ಊತ ಬಂದರೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಇವು ವರ್ಷಗಳಾದ ಮೇಲೂ ಬರುತ್ತವೆ. ಗಡ್ಡೆಗೇ ಗುರಿಯಿಟ್ಟು ಕೊಡುವ ಐಎಂಆರ್‌ಟಿ ಅನ್ನುವ ಹೊಸ ಬಗೆಯ ರೇಡಿಯೇಷನ್ ಬಂದ ಮೇಲೆ ಬಾಯಿ ಒಣಗುವುದು ಮೊದಲಿಗಿಂತ ಕಡಿಮೆಯಾಗಿದೆ.

ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ಎರಡು-ಮೂರು ವರ್ಷದಲ್ಲಿ. ಆ ದಿನಗಳಲ್ಲಿ ಚೆಕಪ್ ತಪ್ಪಿಸಬೇಡಿ. ಬಂದದ್ದು ಸಣ್ಣದಿದ್ದರೆ ಮೂಗಿನ ಮೂಲಕವೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ನಳಿಕೆ) ಬಿಟ್ಟು ತೆಗೆಯಬಹುದು, ಕೆಲವರಿಗೆ ಮತ್ತೊಮ್ಮೆ ರೇಡಿಯೇಷನ್ ಕೊಡುವುದೂ ಇದೆ.