ಕೈ ಎತ್ತದ ಎರಡು ಸಲ

ಪ್ರಶ್ನೆ: ಸ್ಟಾಲಿನ್ ಹೇಳಿದ್ದಕ್ಕೆಲ್ಲ ಕೈ ಎತ್ತಿದ ಮೊಲೊಟೊವ್‌ನನ್ನು ಅವನ ಪಕ್ಷವೇ ಹೊರಹಾಕಿದ್ದು ಏಕೆ? (ಸಿದ್ದಾಪುರದ ಓದುಗರೊಬ್ಬರು)

ಸಿದ್ದಾಪುರದಿಂದ ಇಂಥ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಕೇರಳದ ಕಣ್ಣೂರಿನ ಕಮ್ಯುನಿಸ್ಟ್ ಪಕ್ಷದ ಜಗಳಗಳು ಮಾಕುಟ್ಟದ ಗಡಿ ದಾಟಿ ಬಂದು ನಮ್ಮ ಕೊಡಗಿನ ಚಹಾದಂಗಡಿಯ ಬೆಂಚಿನಲ್ಲಿ ಕೂರುತ್ತವೆ. ಉತ್ತರ ಹೇಳಲಿಕ್ಕೂ ನಮ್ಮ ಕಾಫಿ ತೋಟದ ಮಾತೇ ಸಾಕು. ಮೊಲೊಟೊವ್ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತನಂಥವನು. ಹಾಜರಿ ಪುಸ್ತಕ, ಬಟವಾಡೆ ಪಟ್ಟಿ ಹಿಡಿದು ಕತ್ತಲಾಗುವವರೆಗೆ ಕುರ್ಚಿ ಬಿಡದವನು. ಕುಳಿತಲ್ಲಿಂದ ಏಳದ ಅವನಿಗೆ ಜೊತೆಗಾರರು ‘ಕಲ್ಲಿನ ಅಂಡು’ ಎಂದೇ ಅಡ್ಡಹೆಸರಿಟ್ಟಿದ್ದರು.

ಹುಟ್ಟಿದ್ದು 1890ರಲ್ಲಿ, ಪಕ್ಷ ಸೇರಿದ್ದು 1906ರಲ್ಲಿ. 1930ರಿಂದ 1941ರವರೆಗೆ ಸೋವಿಯತ್ ಒಕ್ಕೂಟದ ಪ್ರಧಾನಿ. 1939ರಲ್ಲಿ ಹಿಟ್ಲರನ ಜರ್ಮನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದ ವಿದೇಶಾಂಗ ಮಂತ್ರಿಯೂ ಅವನೇ. ಆ ಕೈ ಇನ್ನೂ ಬೇರೆ ಸಹಿಗಳನ್ನು ಹಾಕಿತ್ತು: 1937–38ರ ನೂರಾರು ಮರಣಪಟ್ಟಿಗಳ ಮೇಲೆ. ಅವನ ಬಗ್ಗೆ ಮರುಕ ಹುಟ್ಟಿದಾಗಲೆಲ್ಲ ನಾನು ಈ ಪಟ್ಟಿಗಳನ್ನು ನೆನಪಿಸಿಕೊಳ್ಳುತ್ತೇನೆ. 1940ರಲ್ಲಿ ಪೆರ್ಮ್ ಎಂಬ ದೊಡ್ಡ ನಗರಕ್ಕೇ ಅವನ ಹೆಸರಿಟ್ಟರು.

ಸ್ಟಾಲಿನ್ ನಂತರ ಪಕ್ಷದ ಮುಖ್ಯಸ್ಥನಾಗಿ ಕ್ರುಶ್ಚೇವ್ ಬಂದ, ಇವನನ್ನು ಓಡಿಸಿದ ಎಂಬುದು ಅರ್ಧ ಕತೆ. ಮೊದಲು ಕೈಬಿಟ್ಟವನು ಸ್ಟಾಲಿನ್ನೇ. 1948ರ ಕೊನೆಯಲ್ಲಿ ಮೊಲೊಟೊವ್‌ನ ಹೆಂಡತಿ ಪೊಲಿನಾಳನ್ನು ಪಕ್ಷದಿಂದ ತೆಗೆಯುವ ಮಾತು ಬಂತು. ಆಕೆ ಯಹೂದಿ, ಇಸ್ರೇಲಿನ ರಾಯಭಾರಿಯಾಗಿ ಬಂದ ಗೋಲ್ಡಾ ಮೇಯರ್ ಜೊತೆ ಸಲುಗೆಯಿಂದ ಮಾತನಾಡಿದ್ದಳು. ಮತ ಹಾಕುವಾಗ ಗಂಡ ತಟಸ್ಥನಾಗಿ ಉಳಿದ. ಕೆಲವೇ ವಾರಗಳಲ್ಲಿ ‘ತಟಸ್ಥನಾಗಿದ್ದು ನನ್ನ ತಪ್ಪು’ ಎಂದು ಸ್ಟಾಲಿನ್‌ಗೆ ಬರೆದುಕೊಟ್ಟ. ಹಿಂದೆಯೇ ಆಕೆಯ ಬಂಧನವಾಯಿತು, 1949ರ ಮಾರ್ಚಿನಲ್ಲಿ ಇವನ ಮಂತ್ರಿಗಿರಿಯೂ ಹೋಯಿತು. ಹೆಂಡತಿ ಮನೆಗೆ ಮರಳಿದ್ದು 1953ರಲ್ಲಿ, ಸ್ಟಾಲಿನ್ ಸತ್ತ ಮೇಲೆ. ಅಷ್ಟಾದರೂ ಗಂಡಹೆಂಡಿರಿಬ್ಬರೂ ಸ್ಟಾಲಿನ್ ಭಕ್ತಿ ಬಿಡಲಿಲ್ಲ.

ಧಣಿ ಬದಲಾದರೆ ಹಳೆಯ ರೈಟರ್ ಕಣ್ಣಿಗೆ ಚುಚ್ಚುತ್ತಾನೆ. ಹಳೆಯ ಲೆಕ್ಕವೆಲ್ಲ ಅವನ ಕೈಬರಹದಲ್ಲಿದೆಯಲ್ಲ. 1956ರಲ್ಲಿ ಕ್ರುಶ್ಚೇವ್ ಸ್ಟಾಲಿನ್ನನ ಅಪರಾಧಗಳ ಲೆಕ್ಕ ಬಿಚ್ಚಿದ. ಮರುವರ್ಷ ಮೊಲೊಟೊವ್, ಸ್ಟಾಲಿನ್ ಕಾಲದ ಇನ್ನಿಬ್ಬರು ನಾಯಕರಾದ ಮಲೆಂಕೋವ್, ಕಗಾನೊವಿಚ್ ಸೇರಿ ಕ್ರುಶ್ಚೇವ್‌ನನ್ನು ಕೆಳಗಿಳಿಸಲು ಹೊರಟರು. ಪಕ್ಷದ ಮೇಲಿನ ಚಿಕ್ಕ ಸಮಿತಿಯಲ್ಲಿ ಇವರಿಗೆ ಬಹುಮತವೂ ಇತ್ತು. ಕ್ರುಶ್ಚೇವ್ ಅದಕ್ಕಿಂತ ದೊಡ್ಡದಾದ ಕೇಂದ್ರ ಸಮಿತಿಯನ್ನೇ ಕರೆಸಬೇಕೆಂದು ಪಟ್ಟು ಹಿಡಿದ. ರಕ್ಷಣಾ ಮಂತ್ರಿ ಜುಕೋವ್‌ನ ಸೇನಾ ವಿಮಾನಗಳು ಸದಸ್ಯರನ್ನು ಮಾಸ್ಕೋಗೆ ತಂದಿಳಿಸಿದವು, ಲೆಕ್ಕ ತಿರುವುಮುರುವಾಯಿತು. ಇವರನ್ನು ‘ಪಕ್ಷವಿರೋಧಿ ಗುಂಪು’ ಎಂದು ಖಂಡಿಸಿದ ಠರಾವಿಗೆ ಬಾರದ ಮತ ಒಂದೇ, ಮೊಲೊಟೊವ್‌ನದು. ಮತ್ತೆ ತಟಸ್ಥ. ಈ ಸಲ ತಪ್ಪೊಪ್ಪಿಗೆ ಬರೆಯಲಿಲ್ಲ.

ಮಂಗೋಲಿಯಕ್ಕೆ ರಾಯಭಾರಿಯಾಗಿ ಕಳಿಸಿದರು. ಪೆರ್ಮ್ ಮತ್ತೆ ಪೆರ್ಮ್ ಆಯಿತು. 1962ರ ಹೊತ್ತಿಗೆ ಸದಸ್ಯತ್ವವೂ ಹೋಯಿತು. ಹೊರಹಾಕಿದ ಪಕ್ಷವನ್ನು ಅವನು ಬೈಯಲಿಲ್ಲ, ಮತ್ತೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕುತ್ತಲೇ ಇದ್ದ. 1984ರಲ್ಲಿ, ಚೆರ್ನೆಂಕೊ ಪಕ್ಷದ ಮುಖ್ಯಸ್ಥನಾಗಿದ್ದ ಕಾಲದಲ್ಲಿ, ಸದಸ್ಯತ್ವದ ಕಾರ್ಡು ವಾಪಸು ಸಿಕ್ಕಿತು. ಆಗ ಅವನಿಗೆ 94 ವರ್ಷ.